ಅಮೇರಿಕಾದ ಪುಂಡಿಪಲ್ಯ

ಇವತ್ತು ಬೆಳಗಿನಿಂದ ಏನೇನು ಮಾಡಿದೆ ಎಂದು ಹೇಳುತ್ತೇನೆ, ಕೇಳಿ. ಅಂಗಳ ಗುಡಿಸಿ ಸಾರಿಸಿದೆ. ಎಮ್ಮೆ ಹಿಂಡಿದೆ. ಕುರಿಗಳಿಗೆ ಮೇವು ಹಾಕಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹಾಸಿಗೆ ಹಿಡಿದ ಅತ್ತಿಗೆ, ಅಂದರೆ ನನ್ನ ಗಂಡನ ಅವ್ವನಿಗೆ, ಗಂಜಿ ಕುಡಿಸಲು ನೋಡಿದೆ. ಎರಡು ಚಮಚ ಒಳಗೆ ಹೋಯಿತು, ಉಳಿದದ್ದು ನನ್ನ ಸೆರಗಿನ ಮೇಲೆ ಬಂತು. ಸೀರೆ ಬದಲಿಸಿದೆ. ಮಜ್ಜಿಗೆ ಕಡೆದೆ, ಶೇಂಗಾ ಹುರಿದೆ. ಮಾವನ ಗಿಡಗಳ ಎಲೆಗಳನ್ನು ಒದ್ದೆ ಅರಿವೆಯಿಂದ ಒಂದೊಂದಾಗಿ ಒರೆಸಿದೆ. ಪೊಲೀಸರಿಗೆ ಚಹಾ ಮಾಡಿಕೊಟ್ಟೆ. ಅರಿವೆ ಒಗೆದು ಒಣಹಾಕಿದೆ.

ಹೌದ್ರಿ, ಪೊಲೀಸರಿಗೇ.

ನಮ್ಮ ಮಾವ ಮನೆಯೊಳಗೆ ಗಾಂಜಾ ಬೆಳೆಯುತ್ತಾರೆ ಎಂದು ನಾಗನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಆದರೆ ಗಾಂಜಾ ಬೆಳೆಯುವ ವಿದ್ಯೆಯನ್ನು ಮಾವ ಬೀಜ ಹಾಕುವುದರಿಂದ ಹಿಡಿದು ಒಣಗಿಸುವವರೆಗೆ ಪೂರ್ತಿ ಕಲಿತಿದ್ದಾರೆ, ಮತ್ತು ಕಂಡವರಿಗೆಲ್ಲ ಕಲಿಸಿಯೂ ಇದ್ದಾರೆ. ಅದು ಅಪ್ಪಟ ಖರೆ! ಕಲಿತದ್ದು ಏನನ್ನು ಎಂಬುದಷ್ಟೇ ಅವರಿಗೆ ಇವತ್ತು ಮುಂಜಾನೆವರೆಗೆ ಗೊತ್ತಿರಲಿಲ್ಲ.

ಮಾವ ನನಗೆ ಎರಡು ಕಡೆಯಿಂದ ಮಾವ. ನಮ್ಮ ಅವ್ವನ ತಮ್ಮ. ಅವರ ಮಗನಿಗೇ ನನ್ನನ್ನು ಕೊಟ್ಟಿದ್ದರಿಂದ ಗಂಡನ ಅಪ್ಪ. ಹುಕ್ಕೇರಿಯ ತವರಿನಿಂದ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಈ ಮನುಷ್ಯ ಸುಮ್ಮನೆ ಕೂತದ್ದನ್ನು ಕಂಡಿಲ್ಲ. ಕರೆಂಟಿನ ಲೈನ್‌ಮನ್ ಆಗಿ ಸೀಮೆಯ ಕಂಬವನ್ನೆಲ್ಲ ಹತ್ತಿ ಇಳಿದವರು. ಈಗಲೂ ಹಾದಿಯಲ್ಲಿ ಕಂಬ ಕಂಡರೆ ತಲೆ ಎತ್ತಿ, "ಹಿಂಗ ಕಟ್ಟತಾರೇನ ತಂತಿ?" ಎಂದು ಬೈದೇ ಮುಂದಕ್ಕೆ ಹೋಗುವುದು. ಮೊಣಕಾಲು ಕೈಕೊಟ್ಟ ಮೇಲೆ ಮನೆ ಹಿಡಿದರು. ಹೊಲ ಪಾಲಿಗೆ ಕೊಟ್ಟಿದ್ದೇವೆ. ಬದುವಿನ ತುದಿಯ ತನಕ ಕಬ್ಬು. ಕಾಯಿಪಲ್ಯ ಹಚ್ಚಲು ಅಂಗೈಯಗಲ ಜಾಗ ಬಿಟ್ಟಿಲ್ಲ. ಅಂಗಳದಲ್ಲಿ ಹಚ್ಚೋಣ ಎಂದರೆ ಅತ್ತಿಯ ಎರಡು ಕುರಿ. ನಮ್ಮದು ಕುರಿ ಕಾಯುವ ಮನೆತನ. ಹಿಂಡು ಹೋಯಿತು, ಇವೆರಡು ಉಳಿದವು. ಹಿಂಡಿಗೆಲ್ಲ ಇದ್ದ ಹಸಿವು ಮಾತ್ರ ಇವೆರಡರ ಹೊಟ್ಟೆಯಲ್ಲೇ ಉಳಿದಿದೆ. ಬದನೆ ತಿಂದವು, ಟೊಮ್ಯಾಟೊ ತಿಂದವು, ಗುಲಾಬಿಯನ್ನು ಮುಳ್ಳು ಸಹಿತ ತಿಂದವು.

"ಈ ಮನ್ಯಾಗ ಒಂದ ನಿನ್ನ ಕುರಿ ಇರಬೇಕು, ಇಲ್ಲಾ ನನ್ನ ಗಿಡಾ ಇರಬೇಕು!" ಎಂದು ಮಾವ ಗುಡುಗಿದರು.

"ಕುರಿ ಕಂಬಳಿಗೆ ಉಣ್ಣಿ ಕೊಡತಾವ, ಗೊಬ್ಬರಕ್ಕ ಹಿಕ್ಕಿ ಕೊಡತಾವ. ನೀವೇನ ಕೊಡತೀರಿ?" ಎಂದಳು ಅತ್ತಿ.

ಗಿಡಗಳು ಮನೆಯೊಳಗೆ ಬಂದವು.

ಬಂದದ್ದು ಕಾಳಿನ ಖೋಲಿಗೆ. ಒಂದೇ ಕಿಟಕಿಯ ಕತ್ತಲೆ ಕೋಣೆ. ಮಾವ ಜೋಳದ ಚೀಲಗಳನ್ನು ಪಡಸಾಲೆಗೆ ತಳ್ಳಿ, ಕಿಟಕಿಗೆ ಕರಿ ಕಂಬಳಿ ಬಡಿದರು. ಮಮದಾಪುರದಲ್ಲಿ ಲಗ್ನದ ಮಂಟಪಕ್ಕೆ ದೀಪ ಹಾಕುವ ಅವರ ಗೆಳೆಯರಿದ್ದಾರೆ, ನಾವು ಲೈಟಿಂಗ್ ಕಾಕಾ ಎನ್ನುತ್ತೇವೆ. ಅವರಿಂದ ಹಳೇ ಕೆಂಪು, ನೀಲಿ ದೀಪದ ಪಟ್ಟಿ ತಂದು ಹಲಗೆಗೆ ಬಿಗಿದು, ಹಲಗೆಯನ್ನು ಬಾವಿಯ ಗಾಲಿ ಮತ್ತು ಹಗ್ಗದಿಂದ ಜಂತಿಗೆ ತೂಗಿಬಿಟ್ಟರು. ಸ್ವಿಚ್ ಒತ್ತಿದರೆ ಇಡೀ ಕೋಣೆ ನೇರಳೆ! ಒಳಗೆ ನಿಂತ ಮಾವ ನೇರಳೆ, ಮಾವನ ಬಿಳಿ ಮೀಸೆಯೂ ನೇರಳೆ. ಅತ್ತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, "ನಮ್ಮ ಲಗ್ನಕ್ಕೂ ಇಷ್ಟ ಲೈಟ ಹಾಕಸಿರಲಿಲ್ಲ" ಎಂದು ಹೇಳಿ ಹೋದಳು.

ಇನ್ನು ಮಾವನ ಗುರುವಿನ ವಿಷಯ. ಮೊಬೈಲನ್ನು ಬಾಯಿಗೆ ಹಚ್ಚಿಕೊಂಡು ಮಾವ, ದೂರದ ಕಂಬದ ಮೇಲಿದ್ದವನನ್ನು ಕೂಗುವ ದನಿಯಲ್ಲಿ, "ಮನಿಯೊಳಗ ಲೈಟ ಹಾಕಿ ಗಿಡಾ ಬೆಳಸೂದು ಹೆಂಗ?" ಎಂದು ಕೇಳಿದರು. ಮೊಬೈಲಿಗೆ ಏನು ತಿಳಿಯಿತೋ, ಒಬ್ಬ ಗಡ್ಡದ ಹುಡುಗನನ್ನು ತೋರಿಸಿತು. ತಲೆಗೆ ಉಲ್ಲನ್ ಟೊಪ್ಪಿಗೆ, ಕೈತುಂಬ ಹಚ್ಚೆ, ಮುಖದ ಮೇಲೆ ಸದಾ ಒಂದು ನಗು. ಮಾತೆಲ್ಲ ಇಂಗ್ಲಿಷು. ಮಾವನ ಇಂಗ್ಲಿಷು ಫ್ಯೂಜು, ಫೇಸು, ಅರ್ಥಿಂಗು ದಾಟಿ ಮುಂದಕ್ಕೆ ಹೋಗುವುದಿಲ್ಲ. ಆದರೇನು? ಮಾವ ಅವನ ಬಾಯಿ ಬಿಟ್ಟು ಕೈ ನೋಡಿದರು. ಹುಡುಗನ ಹಿಂದೆ ಇಂಥದೇ ನೇರಳೆ ಕೋಣೆ, ಕೋಣೆ ತುಂಬ ಎದೆಮಟ್ಟದ ಗಿಡ. ಒಂದೊಂದು ಎಲೆಯೂ ಹಸ್ತ ಬಿಚ್ಚಿದ ಹಾಗೆ ಬೆರಳು ಬೆರಳು, ಅಂಚಿಗೆಲ್ಲ ಗರಗಸ.

"ಬಾರವಾ ಇಲ್ಲೆ, ಲಗೂ ಬಾ!" ಎಂದು ನನ್ನನ್ನು ರೊಟ್ಟಿ ಬಡಿಯುವ ಕಡೆಯಿಂದ ಎಬ್ಬಿಸಿದರು. "ನೋಡಿಲ್ಲೆ, ಅಮೇರಿಕಾದಾಗೂ ಪುಂಡಿಪಲ್ಯ ಬೆಳೀತಾರ!"

ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದೆ. ಹೌದಲ್ಲ! ನಮ್ಮ ಪುಂಡಿಯೇ. ಮಳೆಗಾಲದಲ್ಲಿ ಜೋಳದ ಸಾಲಿನ ನಡುವೆ ಏಳುವ, ಹುಳಿ ಎಲೆಯ, ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡರೆ ಎರಡು ರೊಟ್ಟಿ ಹೆಚ್ಚಿಗೆ ಒಳಗಿಳಿಸುವ ಪುಂಡಿ. ತುಸು ಪೊದೆ ಜಾಸ್ತಿ ಇತ್ತು. ಅಲ್ಲಿಯ ಗೊಬ್ಬರ ಇದ್ದೀತು ಎಂದುಕೊಂಡೆ.

"ಎಷ್ಟ ಕಾಳಜಿ ನೋಡವಾ. ಭೂತಗನ್ನಡಿ ಹಿಡಕೊಂಡ ಎಲಿ ನೋಡತಾನ. ಮೂಸತಾನ, ಮೂಸಿ ಕಣ್ಣ ಮುಚ್ಚತಾನ! ಪುಂಡಿ ಕಿಮ್ಮತ್ತ ನಮ್ಮ ಮಂದಿಗೆ ಎಲ್ಲಿ ತಿಳೀತು?"

ಕಡೆಗೆ ಆ ಹುಡುಗ ಗಿಡಗಳನ್ನು ಕೊಯ್ದು ತಲೆಕೆಳಗಾಗಿ ಹಗ್ಗಕ್ಕೆ ಜೋತುಬಿಟ್ಟ. "ಒಣ ಪಲ್ಯ ಮಾಡಿ ಇಡಾಕತ್ತಾನ, ಶ್ಯಾಣ್ಯಾ" ಎಂದರು ಮಾವ. ಅತ್ತಿ ದೂರದಿಂದಲೇ ಕುತ್ತಿಗೆ ಚಾಚಿದ್ದಳು. "ಒಗ್ಗರಣಿ ಹಾಕೂದ ಒಮ್ಮಿನೂ ತೋರಸಲಿಲ್ಲಲ್ಲ? ಏನ ಪುಂಡಿಯೋ, ಏನ ಹುಡುಗೋ" ಎಂದಳು. ಇಡೀ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ ನೋಡಿ!

ಹೀಗೆ ಕಲಿತ ವಿದ್ಯೆಯಿಂದ ಮಾವ ಮೊದಲು ಮೆಂತ್ಯ, ಕೊತ್ತಂಬರಿ, ರಾಜಗಿರಿ ಬೆಳೆದರು. ಬಂದವರಿಗೆಲ್ಲ ಉಪದೇಶ ಶುರುವಾಯಿತು. ಹೊಸದಾಗಿ ಮನೆಯೊಳಗೆ ಗಿಡ ಬೆಳೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೇಳಿಸಿಕೊಳ್ಳಿ, ನನಗೆ ಬಾಯಿಪಾಠ ಆಗಿದೆ.

ಮೊದಲನೆಯದು ನೀರು. "ಹೊಸಬರು ಗಿಡಾ ಕೊಲ್ಲೂದು ನೀರ ಹಾಕದನ ಅಲ್ಲ, ಹಾಕಿ ಹಾಕಿ. ಮನಸಿಗೆ ಬಂದಾಗೆಲ್ಲಾ ನೀರಿನ ಚೆರಿಗಿ ಎತ್ತಬ್ಯಾಡ್ರಿ. ಬೆರಳ ಮಣ್ಣಾಗ ತುರಕ್ರಿ. ಬೆರಳಿಗೆ ಹಸಿ ಹತ್ತಿತು, ಚೆರಿಗಿ ಇಟ್ಟ ಹೊರಗ ನಡೀರಿ." ದೀಪದ ವಿಷಯ ಇನ್ನೂ ಸರಳ. ಗಿಡದ ತುದಿಯ ಮೇಲೆ ಕೈ ಹಿಡಿಯಬೇಕು. ನಿಮ್ಮ ಕೈಗೆ ಬಿಸಿ ತಾಗಿದರೆ ಗಿಡಕ್ಕೂ ತಾಗುತ್ತದೆ, ಹಲಗೆ ಮೇಲಕ್ಕೆ ಎಳೆಯಿರಿ. ಗಿಡ ಎತ್ತರವಾದಂತೆ ಹಲಗೆಯೂ ಎತ್ತರ. ಗೊಬ್ಬರ ಕುರಿಹಿಕ್ಕಿ, ಅದೂ ಹಳೆಯದು, ಕುಟ್ಟಿ ಜರಡಿ ಹಿಡಿದದ್ದು. ಅದನ್ನು ಕುಟ್ಟಲು ಮಾವ ನನ್ನ ಮಸಾಲೆ ಒರಳನ್ನೇ ಒಯ್ದಾಗ ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಮತ್ತೆ ರಾತ್ರಿ ಗಿಡಗಳು ನಿದ್ದೆ ಮಾಡಬೇಕು. ದೀಪ ಆರಿಸಿದ ಮೇಲೆ ಆ ಬಾಗಿಲು ತೆರೆಯುವಂತಿಲ್ಲ, ಬ್ಯಾಟರಿ ಹಿಡಿದಂತೂ ಹೋಗುವಂತೇ ಇಲ್ಲ. ಖೋಲಿಯ ಮೂಲೆಯಲ್ಲಿ ಉಳಿದ ಶೇಂಗಾದ ಡಬ್ಬಿ ಬೇಕಾದರೆ ಮುಂಜಾನೆವರೆಗೆ ಕಾಯಿರಿ!

ಗಾಳಿಯದ್ದು ದೊಡ್ಡ ಜಗಳ. "ಗಾಳಿಗೆ ಅಳ್ಳಾಡದ ಗಿಡದ ದಂಟು ಗಟ್ಟಿ ಆಗೂದಿಲ್ಲ" ಎಂದು ಮಾವ ಮನೆಯ ಏಕಮಾತ್ರ ಟೇಬಲ್ ಫ್ಯಾನನ್ನು ಅತ್ತಿಯ ತಲೆದಿಂಬಿನ ಕಡೆಯಿಂದ ಎತ್ತಿ ಒಳಗೆ ಒಯ್ದರು. ಏಪ್ರಿಲ್ ತಿಂಗಳು. ಅತ್ತಿ ಮೊರದಿಂದ ಗಾಳಿ ಬೀಸಿಕೊಳ್ಳುತ್ತ, "ಮುಂದಿನ ಜಲಮಕ್ಕ ನಾನೂ ಕೊತ್ತಂಬರಿ ಆಗಿ ಹುಟ್ಟತೇನಿ" ಎಂದಳು.

ಎಲ್ಲಕ್ಕಿಂತ ದೊಡ್ಡ ನಿಯಮ ಮೌನ. ಆ ಗಡ್ಡದ ಹುಡುಗ ಪ್ರತಿ ಪಾಠದ ಕೊನೆಯಲ್ಲಿ ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮಿಟುಕಿಸಿ, "ಶ್ಶ್" ಎನ್ನುತ್ತಿದ್ದ. ಗಿಡಗಳಿಗೆ ಗದ್ದಲ ಆಗಿಬರುವುದಿಲ್ಲ ಎಂದು ಮಾವ ಅರ್ಥ ಮಾಡಿದರು. ಅಂದಿನಿಂದ ಆ ಖೋಲಿಯ ಮುಂದೆ ನಾವೆಲ್ಲ ಪಿಸುಮಾತಿನವರಾದೆವು. ಹಪ್ಪಳ ಮಾರುವವಳು ಬಾಗಿಲಲ್ಲಿ ಕೂಗಿದರೆ ಮಾವ ಓಡಿ ಬಂದು ತುಟಿಗೆ ಬೆರಳಿಟ್ಟು, "ಸಾವಕಾಶ ತಂಗಿ, ಒಳಗ ಬೆಳ್ಯಾಕತ್ತಾವ" ಎನ್ನುವರು. ಕಂಬಳಿಯ ಸಂದಿಯಿಂದ ನೇರಳೆ ಬೆಳಕು, ಒಳಗಿನಿಂದ ಹಿಕ್ಕಿಯ ವಾಸನೆ, ಮನೆಯವರದ್ದು ಪಿಸುಪಿಸು. ಊರ ಮಂದಿ ಏನು ತಿಳಿಯಬೇಕು, ನೀವೇ ಹೇಳಿ!

ಏನು ತಿಳಿಯಬೇಕೆಂದು ಹೇಳಿಕೊಟ್ಟವಳು ಅತ್ತಿಯೇ. ಫ್ಯಾನಿನ ಸಿಟ್ಟು ಇನ್ನೂ ಇತ್ತು. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿದ ಹೆಣ್ಣುಮಕ್ಕಳು, "ಏನ ನಡಸ್ಯಾರವಾ ನಿಮ್ಮ ಯಜಮಾನ್ರು, ಬಣ್ಣದ ಲೈಟ ಹಾಕ್ಕೊಂಡು?" ಎಂದು ಕೇಳಿದ್ದಾರೆ. "ಗಾಂಜಾ ಬೆಳ್ಯಾಕತ್ತಾರ!" ಎಂದಿದ್ದಾಳೆ ಅತ್ತಿ. ಎಲ್ಲರೂ ನಕ್ಕಿದ್ದಾರೆ. ಆ ಮಾತು ಹಿಟ್ಟಿನ ಡಬ್ಬಿಯ ಜೊತೆ ಮನೆಮನೆಗೆ ಹೋಯಿತು, ಮೂಡಲಗಿ ಬಸ್ಸು ಹತ್ತಿತು, ಗೋಕಾಕಕ್ಕೂ ಮುಟ್ಟಿತು. ಹೋಗುವಾಗ ಅದರೊಳಗಿದ್ದ ನಗು ಎಲ್ಲೋ ಹಾದಿಯಲ್ಲಿ ಇಳಿದುಬಿಟ್ಟಿರಬೇಕು.

ಅಷ್ಟರಲ್ಲಿ ಅತ್ತಿಗೆ ಜ್ವರ ಬಂತು. ಬಿಟ್ಟೂ ಬಿಡದೆ ಕಾಡಿ, ಕಡೆಗೊಮ್ಮೆ ಇಳಿಯಿತು. ಹೋಗುವಾಗ ಬಾಯಿರುಚಿಯನ್ನೂ ಹಸಿವನ್ನೂ ಒಯ್ದಿತು. ಕಿಚಡಿ ತಂದರೆ ಮುಖ ತಿರುವಿದಳು, ಹಾಲು ತಂದರೆ ಮುಸುಕು ಹಾಕಿದಳು. ಗೋಕಾಕದ ಕರದಂಟು ತುಟಿಗಿಟ್ಟರೆ, "ಮಣ್ಣ ತಿಂದಂಗ ಆಗತೈತಿ" ಎಂದಳು. ಬಳೆ ಮೊಣಕೈವರೆಗೆ ಸರಿಯತೊಡಗಿದವು. ಮೂಡಲಗಿಯ ಡಾಕ್ಟರು ಮಾವನನ್ನು ಹೊರಗೆ ಕರೆದು, "ಜಡ್ಡ ಹೋಗೈತ್ರಿ. ಆದ್ರ ಹೊಟ್ಟಿಗಿ ಹೋಗಲಿಲ್ಲಂದ್ರ ಈ ವಯಸ್ಸಿನಾಗ ಎದ್ದ ಕುಂದ್ರೂದು ಕಠಿಣ. ಏನರ ಆಗವಲ್ದ್ಯಾಕ, ಆಕಿ ಬಾಯಿ ಬೇಡಿದ್ದನ್ನ ತಿನಸ್ರಿ" ಎಂದರು. ಮಾವ ದಾರಿಯುದ್ದಕ್ಕೂ ಒಂದು ಕಂಬವನ್ನೂ ಬೈಯಲಿಲ್ಲ.

ಮನೆಗೆ ಬಂದು ಹಾಸಿಗೆಯ ಪಕ್ಕ ಕೂತು, "ಏನ ತಿಂತಿ ಹೇಳ" ಎಂದರು.

"ಪುಂಡಿಪಲ್ಯ ತರ್ರಿ, ತಿಂತೇನಿ" ಎಂದು ಅತ್ತಿ ಗೋಡೆಯ ಕಡೆ ಹೊರಳಿದಳು.

ಬೇಕೆಂದೇ ಹೇಳಿದ್ದು ಅದು, ನಮ್ಮ ಕಾಟ ತಪ್ಪಲಿ ಎಂದು. ಕಾಲುವೆ ನಿಂತು ನೆಲವೆಲ್ಲ ಬಿರಿದ ಬೇಸಿಗೆ. ಪುಂಡಿ ಎಲ್ಲಿಂದ ಬರಬೇಕು? ಆದರೂ ಹುಡುಕಿದೆವು. ನಮ್ಮ ಮನೆಯವರು ಗೋಕಾಕದ ಸಂತೆ ತಿರುಗಿದರು. ನಾನು ಹುಕ್ಕೇರಿಗೆ ಫೋನು ಮಾಡಿದೆ. ಅವ್ವ ತನ್ನ ಕಡೆಯ ಸಂತೆಯನ್ನೂ ನೋಡಿ, "ಇಲ್ಲವಾ, ಬರೇ ಮೆಂತೇ ಐತಿ" ಎಂದಳು. ಮಾವ ಯಾರನ್ನೂ ಕೇಳಲಿಲ್ಲ. ಅತ್ತಿ ಮುಂಗಾರಿಗೆಂದು ಗಂಟು ಕಟ್ಟಿಟ್ಟಿದ್ದ ಪುಂಡಿ ಬೀಜ ಬಿಚ್ಚಿ, ನೆನೆಹಾಕಿ, ಖೋಲಿಯ ಕುಂಡಗಳಲ್ಲಿದ್ದ ಕೊತ್ತಂಬರಿಯನ್ನೆಲ್ಲ ಕಿತ್ತು ಕುರಿಗಳ ಮುಂದೆ ಹಾಕಿ, ಬೀಜ ಊರಿದರು.

ಟೇಬಲ್ ಫ್ಯಾನು ಅತ್ತಿಯ ತಲೆದಿಂಬಿನ ಕಡೆಗೆ ಬಂತು. ಗಿಡಗಳಿಗೆ? ಮಾವ ತಾವೇ ಮೊರ ಹಿಡಿದು ನಿಂತರು. ನೇರಳೆ ಬೆಳಕಿನಲ್ಲಿ, ಬೆವರು ಸುರಿಸುತ್ತ, ಸಸಿಗಳಿಗೆ ಗಾಳಿ ಬೀಸುವ ಅಜ್ಜನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ದಿನಾ ಕಂಡೆ. ಅತ್ತಿಗೆ ಗಂಜಿಯನ್ನು ಗದರಿಸಿ ಗದರಿಸಿ ಕುಡಿಸುತ್ತ ನಾವು ದಿನ ದೂಡಿದೆವು. ಸಸಿ ಎದ್ದವು, ದಂಟು ಕೆಂಪಾಯಿತು, ಎಲೆ ಬೆರಳು ಬಿಚ್ಚಿತು. "ಎರಡ ಎಲಿ ಹರಿದ ಕೊಡ್ರಲ್ಲ" ಎಂದರೆ, "ಎರಡ ಎಲಿ ಹರಿದ್ರ ಗಿಡಾ ಅಂಜತೈತಿ. ಒಂದ ಪಲ್ಯಕ್ಕಾಗೂವಷ್ಟ ಬರಲಿ, ಶುಕ್ರವಾರ ಕೊಯ್ಯೂಣು" ಎಂದರು.

ಇವತ್ತು ಶುಕ್ರವಾರ. ನಾನು ಎಲೆ ಒರೆಸಿ ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಜೀಪು.

ಸಾಹೇಬರು ಮೈಸೂರು ಕಡೆಯವರು, ಎಳೇ ಮುಖ, ಮಾತು ಮೆತ್ತಗೆ. ಜೊತೆಗೆ ನಮ್ಮ ಸೀಮೆಯ ಹಿರಿಯ ಪೊಲೀಸಪ್ಪ ಒಬ್ಬರು. "ಒಳಗೆ ಏನೋ ಬೆಳೀತಿದ್ದೀರಂತೆ, ನೋಡ್ಬೇಕಿತ್ತು" ಎಂದರು ಸಾಹೇಬರು. ಬೇರೆಯವರಾದರೆ ಹೆದರುತ್ತಿದ್ದರು. ನಮ್ಮ ಮಾವನ ಮುಖ ಅರಳಿತು! ಗಿಡ ನೋಡಲು ಸರಕಾರವೇ ಬಂದಿದೆ!

"ಬರ್ರಿ ಬರ್ರಿ. ಬೂಟ ಬಿಚ್ರಿ, ರೋಗ ಬರತಾವ. ಸಾವಕಾಶ ಮಾತಾಡ್ರಿ. ಬಾಗಲಾ ಮುಂದ ಮಾಡ್ಕೋರಿ, ಕುರಿ ಅದಾವು." ಸಾಹೇಬರು ಬೂಟು ಬಿಚ್ಚಿದರು. ಒಳಗೆ ಹೋಗಿ ನೇರಳೆಯಾದರು. ಗಿಡ ಕಂಡದ್ದೇ ಅವರ ಮುಖ ಬಿಗಿಯಿತು. ಮಾವ ಮಾತ್ರ, "ಬೆರಳ ಹಾಕಿ ನೋಡ್ರಿ, ಹಾಕ್ರಿ ಸಾಹೇಬ್ರ. ಹಸಿ ಹತ್ತಿತಿಲ್ಲೋ? ಇಂಥಾದಕ್ಕ ನೀರ ಹಾಕಬಾರದು" ಎಂದು ಅವರ ಕೈ ಹಿಡಿದು ಕುಂಡಕ್ಕೇ ಹಾಕಿಸಿದರು.

"ಯಾರು ಕಲಿಸಿದ್ದು ಇದನ್ನ?"

"ಅಮೇರಿಕಾದವರ್ರಿ" ಎಂದು ಮಾವ ಹೆಮ್ಮೆಯಿಂದ ಮೊಬೈಲ್ ಕೊಟ್ಟರು.

ಸಾಹೇಬರು ಒಂದು ಪಾಠ ನೋಡಿದರು. ಇನ್ನೊಂದು ನೋಡಿದರು. ತಲೆ ಎತ್ತಿ, "ಅಜ್ಜಾ, ಈ ಹುಡುಗ ಏನು ಬೆಳೀತಿದ್ದಾನೆ ಗೊತ್ತಾ?" ಎಂದರು.

"ಪುಂಡಿ ರೀ."

"ಗಾಂಜಾ. ಮನೇಲಿ ಗಾಂಜಾ ಬೆಳೆಯೋ ಹೊಸಬರಿಗೆ ಸಲಹೆ ಅಂತ ಮೇಲೇ ಬರೆದಿದೆ. ಈ ಬೆರಳು ತುಟಿಗಿಡೋದು ಯಾರಿಗೂ ಹೇಳ್ಬೇಡಿ ಅಂತ!"

ಇಷ್ಟು ದಿನ ಮಾವ ಬಯಸಿದ್ದ ಪೂರ್ತಿ ಮೌನ ಈಗ ಸಿಕ್ಕಿತು. ಅವರು ಮೊಬೈಲನ್ನೇ ನೋಡಿದರು. "ಹಂಗಾರ ಈ ಹುಡುಗ ಪಲ್ಯ ಮಾಡ್ಕೊಂಡ ಉಣ್ಣಾಂಗಿಲ್ಲ?"

"ಇಲ್ಲ ಅಜ್ಜಾ."

"ಛೇ. ಎಷ್ಟ ಛಂದ ಕಲಸತಿದ್ದ!"

ಪೊಲೀಸಪ್ಪ ಎಲೆಯ ಹತ್ತಿರ ಬಗ್ಗಿ, "ಸರ, ಇದು ಪುಂಡಿನ ಐತ್ರಿ. ನಮ್ಮನ್ಯಾಗ ಮಳಿಗಾಲದಾಗ ದಿನಾ ಇದ" ಎಂದರು. ಸಾಹೇಬರಿಗೆ ಅರ್ಧ ನಂಬಿಕೆ. ಎಲೆ ನೋಡಿದರು, ಮೊಬೈಲ್ ನೋಡಿದರು, ಮತ್ತೆ ಎಲೆ ನೋಡಿದರು. "ಇರಬಹುದು. ಆದ್ರೆ ದೂರು ಬಂದಿದೆ, ಈ ವಿಡಿಯೋನೂ ಇದೆ. ಗಿಡ ಎಲ್ಲ ಕಿತ್ತು ಪರೀಕ್ಷೆಗೆ ಕಳಿಸ್ತೀವಿ. ಬರೀ ಸೊಪ್ಪು ಅಂತಾದ್ರೆ ನಿಮಗೇನೂ ತೊಂದರೆ ಇಲ್ಲ."

"ಪರೀಕ್ಷಾ ಮುಗ್ಯಾಕ ಎಷ್ಟ ದಿನಾ?"

"ಒಂದೆರಡು ತಿಂಗಳು ಆಗ್ಬಹುದು."

ಮಾವ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಮೇಲಧಿಕಾರಿಗಳ ಮುಂದೆಯೂ ಬಗ್ಗದೆ ನೌಕರಿ ಮುಗಿಸಿದವರು ಕೈ ಜೋಡಿಸಿದ್ದನ್ನು ನಾನು ಮೊದಲ ಸಲ ನೋಡಿದೆ. "ಇವತ್ತ ಕೊಯ್ಯಾಂವ ಇದ್ದೆನ್ರಿ. ಮನಿಯಾಕಿ ಉಣವಲ್ಲಳು. ನನ್ನ ಬೇಕಾದ್ರ ಒಯ್ರಿ ಸಾಹೇಬ್ರ. ಇವು ಇರ್ಲಿ."

ಆಗ ಬಾಗಿಲಲ್ಲಿ ಬಳೆಯ ಸದ್ದು. ಅತ್ತಿ! ಸಂಡಾಸಿಗೂ ಇಬ್ಬರು ಹಿಡಿಯಬೇಕಾದವಳು ಒಬ್ಬಳೇ ಗೋಡೆ ಹಿಡಿದು ಪಡಸಾಲೆ ದಾಟಿ ಬಂದಿದ್ದಳು.

"ಗಾಂಜಾ ಅಂತ ಯಾರ ಹೇಳಿದ್ರು?"

"ಊರಾಗ ಎಲ್ಲಾರೂ ಅಂತಾರವಾ" ಎಂದರು ಪೊಲೀಸಪ್ಪ.

"ಎಲ್ಲಾರಿಗೂ ಹೇಳಿದಾಕಿ ನಾನ! ಫ್ಯಾನ ಕಸಗೊಂಡ್ರು, ಸಿಟ್ಟ ಬಂತು, ಹೇಳೇನಿ. ಗಂಡನ್ನ ಬೈಯಾಕ ಇನ್ನ ಠಾಣೆದವರ ಪರವಾನಗಿ ತಗೋಬೇಕ ಏನ್ರಿ?"

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅತ್ತಿ ಕಾಯಲಿಲ್ಲ. ಕೈ ಚಾಚಿ ಹತ್ತಿರದ ಗಿಡದ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡಳು. ಉಗುರಿನಿಂದ ಎಲೆ ಚಿವುಟಿದರೂ ರಂಪ ಮಾಡುತ್ತಿದ್ದ ಮಾವ ಕುಂಡವನ್ನೇ ಆಕೆಯ ಕಡೆ ಸರಿಸಿದರು. ಅತ್ತಿ ಅಗಿದಳು. ಹುಳಿಗೆ ಒಂದು ಕಣ್ಣು ಮುಚ್ಚಿತು, ಕೆನ್ನೆ ಒಳಗೆ ಹೋಯಿತು. ಈಗ ಉಗುಳುತ್ತಾಳೆ, ಈಗ ವಾಂತಿ ಮಾಡುತ್ತಾಳೆ ಎಂದು ನಾನು ಸೆರಗು ಹಿಡಿದು ನಿಂತೆ. ಅತ್ತಿ ನುಂಗಿದಳು. ಇನ್ನೊಂದು ಎಲೆ ಹರಿದಳು. ಅದನ್ನೂ ನುಂಗಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ, "ಉಪ್ಪ ತಾರವಾ ಒಂದೀಟ" ಎಂದಳು.

ಮಾವ ಕುಂಡಗಳ ನಡುವೆ ನೆಲದ ಮೇಲೆ ಕೂತುಬಿಟ್ಟರು.

ನಾನು ಉಪ್ಪು ತಂದೆ. ಪೊಲೀಸಪ್ಪ ಒಂದು ಎಲೆಗೆ ಉಪ್ಪು ಹಚ್ಚಿ ತಾವು ತಿಂದು, ಒಂದನ್ನು ಸಾಹೇಬರಿಗೆ ಕೊಟ್ಟರು. ಸಾಹೇಬರ ಎಳೇ ಮುಖ ನಿಂಬೆಹಣ್ಣು ನೆಕ್ಕಿದ ಕೂಸಿನದಾಯಿತು. ಕಣ್ಣೀರು ಒರೆಸಿಕೊಂಡು, "ಗಾಂಜಾ ಇಷ್ಟು ಹುಳಿ ಇರಲ್ಲ" ಎಂದು ತೀರ್ಪು ಕೊಟ್ಟರು. ಅವರಿಗೆ ಅದು ಹೇಗೆ ಗೊತ್ತು ಎಂದು ನಾವು ಕೇಳಲಿಲ್ಲ! ಪರೀಕ್ಷೆಗೆಂದು ಎರಡೇ ಎಲೆ ಕಾಗದದಲ್ಲಿ ಸುತ್ತಿಕೊಂಡರು, ಮಾವನ ಮೊಬೈಲಿನಿಂದ ಗಡ್ಡದ ಹುಡುಗನನ್ನು ತೆಗೆದುಹಾಕಿದರು, ಚಹಾ ಕುಡಿದರು. ಬೂಟು ಹಾಕಿಕೊಳ್ಳುವಾಗ ದನಿ ತಗ್ಗಿಸಿ, "ಅಜ್ಜಾ, ನಮ್ಮ ಕ್ವಾರ್ಟರ್ಸಲ್ಲಿ ತುಳಸಿ ಹಳದಿ ಆಗ್ತಿದೆ" ಎಂದರು.

"ದಿನಾ ನೀರ ಹಾಕತೀರಿ?"

"ಎರಡು ಹೊತ್ತು."

"ಕೊಲ್ಲಾಕತ್ತೀರಿ" ಎಂದರು ಮಾವ. ಪೊಲೀಸರಿಗೇ!

ಊರವರು ಇನ್ನೂ ಏನೇನು ಹೇಳಿಕೊಂಡು ತಿರುಗಿದರೂ ತಿರುಗಲಿ. ಬಿರುಬೇಸಿಗೆಯಲ್ಲಿ, ಕಾಳಿನ ಖೋಲಿಯಲ್ಲಿ, ಲಗ್ನದ ದೀಪ ಹಚ್ಚಿ, ಪರದೇಶದ ಪೋಲಿ ಹುಡುಗನೊಬ್ಬನ ಕೈ ನೋಡಿ ಹೆಂಡತಿಗಾಗಿ ಪುಂಡಿ ಬೆಳೆದವರು ಈ ಮೂರೂ ತಾಲೂಕಿನಲ್ಲಿ ಯಾರಿದ್ದಾರೆ ತೋರಿಸಿ, ನೋಡೋಣ. ನಾನು ಅವರ ಸೊಸೆ. ಹಾಗೆಂದು ಹೇಳಿಕೊಳ್ಳಲು ನನಗೆ ಇವತ್ತು ಎದೆ ಉಬ್ಬಿ ಬರುತ್ತದೆ.

ಸಂಜೆ ಮಾವ ತಾವೇ ಕತ್ತರಿ ಹಿಡಿದು ಒಂದೂ ಬಿಡದೆ ಎಲ್ಲ ಗಿಡ ಕೊಯ್ದುಕೊಟ್ಟರು. ಜೋಳದ ನುಚ್ಚು, ತೊಗರಿಬೇಳೆ ಹಾಕಿ ಪುಂಡಿ ಕುದಿಸಿದೆ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಒಗ್ಗರಣೆ ಕೊಟ್ಟೆ. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಹಿಂಡಿ, ಮಜ್ಜಿಗೆ. ಅತ್ತಿ ಎದ್ದು ಕೂತು ಅರ್ಧ ರೊಟ್ಟಿ ತಿಂದಳು, "ಉಪ್ಪ ಕಡಿಮಿ ಐತಿ" ಎಂದು ನನ್ನನ್ನು ಬೈದಳು, ಉಳಿದರ್ಧವನ್ನೂ ತಿಂದಳು. ಮಾವ ಪಲ್ಯ ಮುಟ್ಟಲಿಲ್ಲ, ನಾಳೆಗೆ ಆಕೆಗೆ ಇರಲಿ ಎಂದು ಹಿಂಡಿ ಹಚ್ಚಿಕೊಂಡೇ ಉಂಡರು. ಅತ್ತಿ ಹಾಸಿಗೆ ಹಿಡಿದಾಗಿನಿಂದ ಆಕೆಗೆ ನಿದ್ದೆ ಹತ್ತುವ ತನಕ ಅವರು ಪಕ್ಕದಲ್ಲಿ ಕೂತೇ ಇರುತ್ತಿದ್ದರು. ಹೊದಿಕೆ ಏರಿ ಇಳಿಯುವುದನ್ನು ನೋಡುತ್ತ ಇರುತ್ತಿದ್ದರು. ಇವತ್ತು ಕೈ ತೊಳೆದು ಬಂದು ಆಕೆಯ ಕಾಲ ಹತ್ತಿರ ಗೋಡೆಗೆ ಒರಗಿದವರು, ನಾನು ತಾಟು ಎತ್ತುವಷ್ಟರಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಹಾಸಿಗೆಗೆ ಕರೆಯೋಣವೆಂದು ಬಗ್ಗಿದೆ. ಅತ್ತಿ ತುಂಬ ಹೊತ್ತಿನಿಂದ ಅವರನ್ನೇ ನೋಡುತ್ತಿದ್ದಳು. "ಎಬ್ಬಸಬ್ಯಾಡ, ಇರ್ಲಿ" ಎಂದು ತನ್ನ ದಿಂಬು ತೆಗೆದು ನನ್ನ ಕೈಗೆ ಕೊಟ್ಟಳು.